ಚಳಿಗಾಲದ ಜಮಾ-ಖರ್ಚು

ಹೋದ ಡಿಸೆಂಬರಿನಲ್ಲಿ ಮೊಮ್ಮಗಳು ರಜೆಗೆಂದು ಬೆಂಗಳೂರಿನಿಂದ ಹೊಸಪೇಟೆಗೆ ಬಂದಿದ್ದಳು. ಐದನೇ ತರಗತಿಯ ಹುಡುಗಿ. ಶಾಲೆಯಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ದರು: ಮನೆಯ ಹಿರಿಯರೊಬ್ಬರಿಗೆ ಇಷ್ಟವಾದ ಹತ್ತು ಸಂಗತಿಗಳನ್ನು ಕೇಳಿ ಬರೆಯಬೇಕು. ಪೆನ್ಸಿಲ್ ಹಿಡಿದು ನನ್ನೆದುರು ಕೂತಳು.

"ತಾತಾ, ನಿಂಗೆ ಇಷ್ಟದ ತಿಂಡಿ ಯಾವುದು?"

"ಏನಾದ್ರೂ ಆಗ್ತದಮ್ಮ."

"ಇಷ್ಟದ ಜಾಗ?"

"ಮನೇನೇ."

"ಬಣ್ಣ?"

ನನಗೆ ಏನೂ ಹೊಳೆಯಲಿಲ್ಲ. ಅವಳು ಪುಸ್ತಕ ಮುಚ್ಚಿ ಅಡುಗೆಮನೆಗೆ ಓಡಿದಳು. "ಅಮ್ಮಾ, ತಾತಂಗೆ ಏನೂ ಇಷ್ಟ ಇಲ್ವಂತೆ!" ಎಂದು ವರದಿ ಒಪ್ಪಿಸಿದಳು.

ಮಗು ತಮಾಷೆಗೆ ಹೇಳಿದ ಮಾತು ನನಗೆ ಚುಚ್ಚಿತು. ಬ್ಯಾಂಕಿನ ಗುಮಾಸ್ತನಾಗಿ ಮೂರೂವರೆ ದಶಕ ಊರವರ ಲೆಕ್ಕವನ್ನೆಲ್ಲ ಬರೆದವನು ನಾನು. ನನ್ನದೇ ಖಾತೆಯ ಪುಟ ಮಾತ್ರ ಖಾಲಿ. ಮನೆಯಾಕೆ ಇದ್ದಾಗ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನನಗೆ ಏನಿಷ್ಟ ಎಂಬುದು ಅವಳಿಗೆ ಗೊತ್ತಿತ್ತು, ನಾನು ತಿಳಿದಿರುವ ಅಗತ್ಯ ಬಿದ್ದಿರಲಿಲ್ಲ. ಎರಡು ವರ್ಷದ ಹಿಂದಿನ ಕಾರ್ತಿಕದಲ್ಲಿ ಅವಳು ಹೋದಳು. ಅಲ್ಲಿಂದ ಚಳಿಗಾಲವೆಂದರೆ ನನಗೆ ಬೇಗ ಬೀಳುವ ಕತ್ತಲು, ಮಂಡಿನೋವು ಮತ್ತು ಏನು ನೋಡಿದೆನೆಂಬುದೇ ನೆನಪಿರದಂತೆ ಟಿವಿ ಮುಂದೆ ಕಳೆದ ಸಂಜೆಗಳು.

ಬೆಳಕಿನ ಲೆಕ್ಕ

ಚಳಿಗಾಲದಲ್ಲಿ ಮನಸ್ಸು ಕುಗ್ಗುವುದು ಬರೀ ನಮ್ಮ ಕಲ್ಪನೆಯಲ್ಲ. ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ಋತುವಿಗೆ ತಕ್ಕಂತೆ ಬರುವ ಖಿನ್ನತೆ ಎಂದು ಗುರುತಿಸಿ ಬರೆದರು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗಲೇ ದೇಹದೊಳಗಿನ ಗಡಿಯಾರ ಸರಿಹೊಂದುವುದು. ಬೆಳಕು ಕಡಿಮೆಯಾದರೆ ನಿದ್ದೆ, ಹಸಿವು, ಉತ್ಸಾಹ ಎಲ್ಲವೂ ಏರುಪೇರಾಗಬಹುದು.

ಆದರೆ ಈ ವಿಷಯದಲ್ಲಿ ನಾವು ಪುಣ್ಯವಂತರು. ಡಿಸೆಂಬರಿನ ಅತಿ ಚಿಕ್ಕ ಹಗಲು ಲಂಡನ್ನಿನಲ್ಲಿ 8 ಗಂಟೆಯೂ ಇರುವುದಿಲ್ಲ. ನಮ್ಮ ಹೊಸಪೇಟೆಯಲ್ಲಿ ಅದು 11 ಗಂಟೆಗೂ ಹೆಚ್ಚು. ಅಂದರೆ ಬೆಳಕು ಬೇಕಾದಷ್ಟು ಜಮಾ ಆಗುತ್ತಿತ್ತು, ಕದ ಹಾಕಿಕೊಂಡು ಒಳಗೆ ಕೂತವನು ನಾನೇ. ಅದು ಹೊಳೆದ ದಿನ ಹಳೆಯ ಡೈರಿಯೊಂದನ್ನು ತೆಗೆದೆ. ದಿನಕ್ಕೊಂದು ಜಮಾ ಬರೆಯಬೇಕು, ಆ ದಿನ ನಿಜವಾಗಿ ಹಿಡಿಸಿದ್ದು ಒಂದೇ ಒಂದು. ಸುಳ್ಳು ಜಮಾ ಬರೆಯುವ ಹಾಗಿಲ್ಲ.

ಮೊದಲ ನಾಲ್ಕು ದಿನ ಪುಟ ಖಾಲಿಯೇ ಉಳಿಯಿತು.

ಹಂಪಿ ಬಜಾರಿನ ಬಿಸಿಲು

ಐದನೇ ದಿನ ಮೊಮ್ಮಗಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹಂಪಿಗೆ ಹೋದೆ. ಹದಿಮೂರು ಕಿಲೋಮೀಟರು, ಹೆಚ್ಚೇನಲ್ಲ. ಆದರೂ ನಾನು ಆ ಕಡೆ ಹೋಗಿ ವರ್ಷಗಳೇ ಆಗಿದ್ದವು. ವಿರೂಪಾಕ್ಷ ದೇವಸ್ಥಾನದಿಂದ ಎದುರು ಬಸವಣ್ಣನವರೆಗೆ ನೇರವಾಗಿ ಚಾಚಿದ ಬಜಾರು, ಎರಡೂ ಕಡೆ ಕಲ್ಲಿನ ಮಂಟಪಗಳ ಸಾಲು. ಹೊತ್ತು ಏಳುವುದು ಆರೂಮುಕ್ಕಾಲಿನ ಸುಮಾರಿಗೆ. ಮಾತಂಗ ಬೆಟ್ಟ ಹತ್ತಲು ನನ್ನ ಮಂಡಿ ಒಪ್ಪಲಿಲ್ಲ. ಮಂಟಪದ ಕಟ್ಟೆಯ ಮೇಲೆ ಶಾಲು ಹೊದ್ದು ಕೂತೆವು. ಮೊದಲು ಬಂಡೆಗಳ ನೆತ್ತಿಗೆ, ಆಮೇಲೆ ಗೋಪುರಕ್ಕೆ, ಕೊನೆಗೆ ನಮ್ಮ ಕಾಲಿಗೆ ಬಿಸಿಲು ಇಳಿದು ಬಂತು.

ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆಯಲ್ಲಿ ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ತೋರಿಸಿದೆ. "ಯಾಕೆ ಉಲ್ಟಾ?" ಎಂದಳು. ಬೆಳಕು ನೇರವಾಗಿಯೇ ಸಾಗುತ್ತದೆ. ಗೋಪುರದ ತುದಿಯಿಂದ ಹೊರಟ ಬೆಳಕು ಗೋಡೆಯ ಸಣ್ಣ ಕಿಂಡಿಯಲ್ಲಿ ತೂರಿ ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲೆ ಬೀಳುತ್ತದೆ. ಅದಕ್ಕೇ ಉಲ್ಟಾ. ಮಕ್ಕಳೇ, ರಟ್ಟಿನ ಡಬ್ಬಿಗೆ ಒಂದು ಕಡೆ ಸೂಜಿಯ ತೂತು ಮಾಡಿ, ಎದುರು ಬದಿಗೆ ಬೆಣ್ಣೆಕಾಗದ ಅಂಟಿಸಿ. ತೂತನ್ನು ಬಿಸಿಲಿನಲ್ಲಿರುವ ಮರದ ಕಡೆಗೆ ಹಿಡಿದು, ತಲೆಗೆ ಕಂಬಳಿ ಹೊದ್ದು ಕಾಗದ ನೋಡಿ. ಇದೇ ಚಮತ್ಕಾರ ಮನೆಯಲ್ಲೂ ಕಾಣುತ್ತದೆ.

ಆಮೇಲೆ ತುಂಗಭದ್ರೆಯ ಮೆಟ್ಟಿಲಿನ ಮೇಲೆ ಕೂತು ದೇವಸ್ಥಾನದ ಆನೆ ಲಕ್ಷ್ಮಿಯ ಸ್ನಾನ ನೋಡಿದೆವು. ಅಷ್ಟು ದೊಡ್ಡ ಜೀವ ತಣ್ಣೀರಿನಲ್ಲಿ ಮಗ್ಗುಲಾಗಿ ಮಲಗಿ, ಉಜ್ಜಿಸಿಕೊಳ್ಳುತ್ತ ಕಣ್ಣು ಮುಚ್ಚುವುದನ್ನು ನೋಡಿ ನನಗೆ ನಗು ಬಂತು. ಮೊಮ್ಮಗಳು ಆನೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಅಂದು ಡೈರಿಯಲ್ಲಿ ಮೊದಲ ಜಮಾ ಬಿತ್ತು.

ನಾಲಿಗೆಯ ನೆನಪು

ಆಮೇಲಿನ ಜಮಾಗಳು ತಾವಾಗಿಯೇ ಬಂದವು. ಸಂತೆಯಲ್ಲಿ ಹಸಿಕಡಲೆ ಗಿಡದ ಕಟ್ಟು ತಂದು, ಅಂಗಳದಲ್ಲಿ ಕೂತು ಒಂದೊಂದೇ ಸುಲಿದು ತಿನ್ನುವುದು. ಕೆಂಡದಲ್ಲಿ ಸುಟ್ಟ ಎಳೆ ಜೋಳದ ಸೀತನಿ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಬೆಣ್ಣೆ. ಸಜ್ಜೆ ಮೈಗೆ ಕಾವು ಕೊಡುತ್ತದೆ ಎಂದು ಚಳಿಗಾಲಕ್ಕೆ ಅದನ್ನು ಮೀಸಲಿಟ್ಟವರು ನಮ್ಮ ಹಿರಿಯರು. ಸಂಜೆಗೆ ಮಂಡಕ್ಕಿ ಒಗ್ಗರಣೆ ಮತ್ತು ಬಿಸಿ ಮಿರ್ಚಿ, ಅದೂ ಒಬ್ಬನೇ ಅಲ್ಲ, ಜೊತೆಗೆ ರಿಟೈರಾದ ಗೆಳೆಯರಿಬ್ಬರು. ಧನುರ್ಮಾಸದ ನಸುಕಿನ ಹುಗ್ಗಿ ಬಾಯಿಗಿಟ್ಟಾಗ ಮಾತ್ರ ಕಣ್ಣು ತುಂಬಿತು. ಅದು ಅವಳು ಮಾಡುತ್ತಿದ್ದ ರುಚಿ. ಜಮಾಕ್ಕೋ ಖರ್ಚಿಗೋ ಎಂದು ಬಹಳ ಹೊತ್ತು ಯೋಚಿಸಿ, ಜಮಾಕ್ಕೇ ಬರೆದೆ.

ಇನ್ನೊಂದು ದಿನ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿದ್ದೆವು. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಪಕ್ಷಿಧಾಮ ಅದು. ಅದೇ ವರ್ಷ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಹಿಮಾಲಯವನ್ನೇ ದಾಟಿ. ನಾನು ಬಾಗಿಲು ಹಾಕಿಕೊಂಡು ಶಪಿಸುವ ಈ ಚಳಿ, ಆ ಹಕ್ಕಿಗಳು ಹುಡುಕಿಕೊಂಡು ಬರುವ ಬೆಚ್ಚನೆಯ ಹವೆ!

ಡೈರಿಗೆ ನಿಲುಕದ್ದು

ಒಂದು ಮಾತು ಹೇಳಲೇಬೇಕು. ಡೈರಿ ಔಷಧವಲ್ಲ. ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ನಿದ್ದೆ-ಊಟ ಕೆಟ್ಟರೆ, ಬದುಕೇ ಬೇಡವೆನಿಸಿದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಮಂಡಿನೋವಿಗೆ ಡಾಕ್ಟರ ಬಳಿ ಹೋಗುವ ನಾವು ಮನಸ್ಸಿನ ನೋವಿಗೆ ನಾಚುವುದೇಕೆ?

ರಜೆ ಮುಗಿಸಿ ಹೊರಡುವ ದಿನ ಮೊಮ್ಮಗಳ ಪಟ್ಟಿಯಲ್ಲಿ ಒಂಬತ್ತು ಸಂಗತಿಗಳಿದ್ದವು. ಬಣ್ಣದ ಜಾಗ ಖಾಲಿ ಇತ್ತು. ಬಸ್ಸಿನ ಕಿಟಕಿಯಿಂದ ಮತ್ತೆ ಕೇಳಿದಳು.

"ಆ ದಿನ ಬಂಡೆ ಮೇಲೆ ಬಿಸಿಲು ಬಿತ್ತಲ್ಲ, ಆ ಬಣ್ಣ" ಎಂದೆ.

"ಅದಕ್ಕೆ ಹೆಸರೇನು ತಾತಾ?"

"ಗೊತ್ತಿಲ್ಲಮ್ಮ. ಮುಂದಿನ ರಜೆಗೆ ಬಾ, ಇಬ್ಬರೂ ನೋಡಿ ಹೆಸರಿಡೋಣ."

ಮಕ್ಕಳೇ, ಈ ರಜೆಯಲ್ಲಿ ನಿಮ್ಮ ಅಜ್ಜ-ಅಜ್ಜಿಯರನ್ನೂ ಹೀಗೆ ಕೇಳಿ. "ಏನೂ ಇಲ್ಲ" ಎಂದರೆ ಪುಸ್ತಕ ಮುಚ್ಚಬೇಡಿ. ಮಾರನೇ ದಿನ ಇನ್ನೊಮ್ಮೆ ಕೇಳಿ.