ಹೆಸರು ಗ್ರೀಷ್ಮ, ಕೈಯಲ್ಲಿ ಛತ್ರಿ

ಜಂಬೂಸವಾರಿಯ ಮಧ್ಯಾಹ್ನ ಮೋಡ ಕವಿದರೆ ಸಾಕು, ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗ್ಗೆಯೇ ಜಾಗ ಹಿಡಿದವರು 'ಅಕಾಲಿಕ ಮಳೆ' ಎಂದು ಗೊಣಗುತ್ತಾರೆ. ಅಕಾಲ ಎಲ್ಲಿಂದ ಬಂತು? ದಸರೆ ಬರುವುದೇ ಹಸ್ತೆ, ಚಿತ್ತೆ ಮಳೆಯ ಆಸುಪಾಸಿನಲ್ಲಿ. ಮೈಸೂರಿಗೆ ಹೆಚ್ಚು ಮಳೆ ಬೀಳುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಪಂಚಾಂಗದಲ್ಲಿ ಶರದೃತು ಎಂದಿದೆ, ಆದ್ದರಿಂದ ಆಕಾಶ ತಿಳಿಯಾಗಿರಬೇಕು ಎಂಬುದು ನಮ್ಮ ಹಟ.

'ಆಷಾಢ ಅಂದರೆ ವರ್ಷ ಋತು' ಎನ್ನುವವರೂ ಇದ್ದಾರೆ. ಚಾಂದ್ರಮಾನದ ಲೆಕ್ಕದಲ್ಲಿ ಜ್ಯೇಷ್ಠ, ಆಷಾಢ ಎರಡೂ ಗ್ರೀಷ್ಮಕ್ಕೆ ಸೇರಿದವು. ಆಷಾಢ ಶುಕ್ರವಾರ ಚಾಮುಂಡಿಬೆಟ್ಟದಲ್ಲಿ ಜಿಟಿಜಿಟಿ ಮಳೆಗೆ ಛತ್ರಿ ಹಿಡಿದು, ಸ್ವೆಟರ್ ಹಾಕಿಕೊಂಡು ಸಾಲಿನಲ್ಲಿ ನಿಂತವರು ಶಾಸ್ತ್ರೋಕ್ತವಾಗಿ ಬೇಸಿಗೆಯಲ್ಲಿದ್ದಾರೆ! ಆಗ ಕೆಆರ್‌ಎಸ್ ತುಂಬುತ್ತಾ ಬಂದರೆ ಅದು ಕೊಡಗಿನ ಮಳೆಯ ಪುಣ್ಯ. ಮುಂಗಾರಿನ ಮೋಡಗಳು ಪಶ್ಚಿಮಘಟ್ಟದಲ್ಲೇ ಬಹುಪಾಲು ಸುರಿದು ಮುಗಿಸಿರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿದರೆ ಮೈಸೂರಿನದು ಸುಮಾರು 800.

ಮಳೆ ನಕ್ಷತ್ರಗಳ ಬಗ್ಗೆ ಇನ್ನೊಂದು ನಂಬಿಕೆ: ಸ್ವಾತಿ ನಕ್ಷತ್ರ ಕಾಣಿಸಿಕೊಂಡಾಗ ಸ್ವಾತಿ ಮಳೆ. ವಾಸ್ತವದಲ್ಲಿ ಸೂರ್ಯ ಆ ನಕ್ಷತ್ರದ ಭಾಗದಲ್ಲಿರುವ 13–14 ದಿನಕ್ಕೆ ಆ ಹೆಸರು. ಹೀಗೆ 27 ನಕ್ಷತ್ರ ದಾಟಿದರೆ ಒಂದು ವರ್ಷ. ಹೊಲದ ಕೆಲಸಕ್ಕೆ ಆರು ಋತುಗಳ ಸಂಸ್ಕೃತ ಹೆಸರಿಗಿಂತ ಈ ಎಣಿಕೆಯೇ ನನಗೆ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ. ರೈತರು ಮಾತಾಡುವುದೂ ಅದರಲ್ಲೇ.

ಶಾಲೆಯಲ್ಲಿ ಕಲಿತದ್ದೊಂದಿದೆ: ಆಟಮ್ ಎಂದರೆ ಶರತ್ಕಾಲ, ಎಲೆ ಉದುರುವ ಕಾಲ. ಅದು ಯುರೋಪಿನ ಮರಗಳ ಮಾತು. ಇಲ್ಲಿ ಹೊಂಗೆ ಎಲೆ ಕಳಚುವುದು ಶಿಶಿರದಲ್ಲಿ. ಯುಗಾದಿಯ ಹೊತ್ತಿಗೆ ಎಣ್ಣೆ ಹಚ್ಚಿದಂತೆ ಹೊಳೆಯುವ ತಿಳಿಹಸಿರು ಚಿಗುರು ತುಂಬಿರುತ್ತದೆ. ವಸಂತ ಎಂಬ ಹೆಸರು ಮರಕ್ಕೆ ಸರಿ, ಥರ್ಮಾಮೀಟರಿಗೆ ಅಲ್ಲ. ಏಪ್ರಿಲ್‌ನ ಮಧ್ಯಾಹ್ನ ಪಾದರಸ 34–35 ಡಿಗ್ರಿಯಲ್ಲಿರುತ್ತದೆ.

ಈ ಗೊಂದಲ ನಮ್ಮದೊಂದೇ ಅಲ್ಲ. ಸ್ಪ್ಯಾನಿಷ್‌ನಲ್ಲಿ ಬೇಸಿಗೆಗೆ 'ವೆರಾನೊ'. ಅದರ ಬೇರು ಲ್ಯಾಟಿನ್‌ನಲ್ಲಿ ವಸಂತವನ್ನು ಹೇಳುವ ಪದ. 1615ರಲ್ಲಿ ಬಂದ 'ಡಾನ್ ಕಿಹೋಟೆ'ಯ ಎರಡನೇ ಭಾಗದಲ್ಲಿ ಸರ್ವಾಂಟಿಸ್ ಐದು ಋತುಗಳನ್ನು ಎಣಿಸುತ್ತಾನೆ. ಅಲ್ಲಿ ವಸಂತಕ್ಕೂ ಕಡುಬೇಸಿಗೆಗೂ ನಡುವೆ ವೆರಾನೊ ಬೇರೆಯಾಗಿಯೇ ನಿಂತಿದೆ. ಸ್ಪೇನಿನವರು ಕಡಲು ದಾಟಿದ ಮೇಲೆ ಕಥೆ ಇನ್ನೂ ಚೆಂದ. ಈಕ್ವೆಡಾರ್‌ನ ಕರಾವಳಿಯಲ್ಲಿ ಡಿಸೆಂಬರಿನಿಂದ ಮೇವರೆಗಿನ ಮಳೆಗಾಲವನ್ನು 'ಇನ್ವಿಯೆರ್ನೊ', ಅಂದರೆ ಚಳಿಗಾಲ, ಎನ್ನುತ್ತಾರೆ. ಆದರೆ ಅಲ್ಲಿ ಸೆಕೆ ಹೆಚ್ಚಿರುವ ತಿಂಗಳುಗಳೇ ಅವು.

ವಯಸ್ಸು ಎಣಿಸಲು ವಸಂತವೊಂದೇ ಸಲ್ಲುತ್ತದೆ ಎಂಬುದೂ ನಿಜವಲ್ಲ. ಸ್ಪ್ಯಾನಿಷ್‌ನಲ್ಲಿ 'ಪ್ರಿಮವೇರಾ'ಗಳನ್ನು ಎಣಿಸುವುದುಂಟು, ಸರಿ. ವೈದಿಕ ಹಾರೈಕೆ ಬೇಡುವುದು ನೂರು ಶರತ್ತುಗಳನ್ನು. 'ವರ್ಷ' ಎಂಬ ಪದಕ್ಕಂತೂ ಮಳೆ ಎಂದೂ ಅರ್ಥ. ಆದರೂ ನಮ್ಮ ಸನ್ಮಾನದ ಆಹ್ವಾನಪತ್ರಿಕೆಗಳಲ್ಲಿ 'ಎಪ್ಪತ್ತು ವಸಂತ' ಎಂದೇ ಅಚ್ಚಾಗುತ್ತದೆ. 'ಎಪ್ಪತ್ತು ಮಳೆಗಾಲ' ಎಂದು ಹಾಕಿಸಿದರೂ ತಪ್ಪೇನಿಲ್ಲ.