ಕೆನಡಾದ ಜೀವವಿಮೆ: ಬಡ್ಡಿ ಇಳಿದರೆ ಭಯ ಯಾಕೆ?

ಪ್ರೀಮಿಯಂ ಕಟ್ಟಿದ್ದು ಇಂದು.
ಕ್ಲೇಮು ಬರುವುದು ನಲವತ್ತು ವರ್ಷದ ಮೇಲೆ.
ಅಲ್ಲಿಯವರೆಗೆ ಆ ದುಡ್ಡು ಎಲ್ಲಿರುತ್ತದೆ?

ಕೆನಡಾದ ಜೀವವಿಮೆ ಬಹುಪಾಲು ಮೂರು ಕಂಪನಿಗಳ ಕೈಯಲ್ಲಿದೆ.
ಮ್ಯಾನುಲೈಫ್, ಸನ್ ಲೈಫ್, ಕೆನಡಾ ಲೈಫ್.

ಪ್ರೀಮಿಯಂ ದುಡ್ಡು ಹೆಚ್ಚಾಗಿ ಬಾಂಡುಗಳಿಗೆ ಹೋಗುತ್ತದೆ.
ಬಡ್ಡಿ ಇಳಿದರೆ ಆದಾಯವೂ ಇಳಿಯುತ್ತದೆ.
ಕೊಟ್ಟ ಮಾತು ಮಾತ್ರ ಇಳಿಯುವುದಿಲ್ಲ.
ಮಳೆ ಬರಲಿ ಬಿಡಲಿ,
ವರ್ಷಕ್ಕೆ ಇಷ್ಟು ಮೂಟೆ ಅಂತ
ಗೇಣಿ ಒಪ್ಪಿಕೊಂಡ ರೈತನ ಪಾಡು ಅದು.

ಕೊಟ್ಟ ಮಾತಿನ ಈ ಅಪಾಯ 2008ರಲ್ಲಿ ಎಲ್ಲರ ಕಣ್ಣಿಗೆ ಬಿತ್ತು.
ಷೇರುಪೇಟೆ ಬಿದ್ದರೂ ಇಷ್ಟು ಹಣ ಖಾತರಿ ಎಂದು
ಮ್ಯಾನುಲೈಫ್ ಫಂಡುಗಳನ್ನು ಮಾರಿತ್ತು.
ಪೇಟೆ ಬಿದ್ದೇಬಿಟ್ಟಿತು.
2009ರಲ್ಲಿ ಕಂಪನಿ ಡಿವಿಡೆಂಡನ್ನು ಅರ್ಧಕ್ಕೆ ಇಳಿಸಿತು.
ಆಮೇಲೆ ಇಂಥ ಖಾತರಿಗಳು ಸಣ್ಣದಾದವು, ದುಬಾರಿಯಾದವು.
ಅಂದರೆ ನಷ್ಟದ ಭಾರ ನಿಧಾನವಾಗಿ ಗ್ರಾಹಕರ ಹೆಗಲೇರಿತು.

ಸ್ವದೇಶದ ಮಾರುಕಟ್ಟೆ ಚಿಕ್ಕದು, ಜನಕ್ಕೆ ವಯಸ್ಸಾಗುತ್ತಿದೆ.
ಹಾಗಾಗಿ ಬೆಳವಣಿಗೆಗೆ ಮ್ಯಾನುಲೈಫ್, ಸನ್ ಲೈಫ್ ಕಣ್ಣು ಏಷ್ಯಾದತ್ತ:
ಹಾಂಗ್‌ಕಾಂಗ್, ಫಿಲಿಪ್ಪೀನ್ಸ್, ಭಾರತ.
ನಮ್ಮ ಆದಿತ್ಯ ಬಿರ್ಲಾ ಸನ್ ಲೈಫ್‌ನಲ್ಲಿರುವ ಸನ್ ಲೈಫ್ ಇದೇ.

ಕೆನಡಾದಲ್ಲೇ ಒಂದು ಜಗಳವೂ ಇದೆ, ವಂಶವಾಹಿ ಪರೀಕ್ಷೆಯದು.
ಅದರ ಫಲಿತಾಂಶ ಕೊಡಲೇಬೇಕು ಎಂದು
ವಿಮಾ ಕಂಪನಿ ಒತ್ತಾಯಿಸುವಂತಿಲ್ಲ.
ಇದು 2017ರ ಕಾನೂನು.
ಕಂಪನಿಗಳ ಆತಂಕ ಏನು?
ಕಾಯಿಲೆಯ ಸುಳಿವು ಸಿಕ್ಕವರೇ ದೊಡ್ಡ ಪಾಲಿಸಿ ಕೊಂಡರೆ
ಎಲ್ಲರ ಪ್ರೀಮಿಯಂ ಏರುತ್ತದೆ.
ಆತಂಕ ಸುಳ್ಳಲ್ಲ.
ಆದರೆ ವಿಮೆ ತಪ್ಪೀತು ಎಂಬ ಭಯಕ್ಕೆ
ಯಾರೂ ಪರೀಕ್ಷೆಯನ್ನೇ ಬಿಡುವಂತಾಗಬಾರದು.
2020ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್
5-4ರ ಬಹುಮತದಿಂದ ಆ ಕಾನೂನನ್ನು ಎತ್ತಿಹಿಡಿಯಿತು.