ಲಸಿಕೆಯ ದಿನ ಕೈಗೊಂದು ಚಿತ್ರಪುಸ್ತಕ

ಮಗುವಿನ ತೂಕ ನೋಡಿ, ಲಸಿಕೆ ಹಾಕಿ, ಜೊತೆಗೊಂದು ಚಿತ್ರಪುಸ್ತಕವನ್ನೂ ಕೊಟ್ಟು ಕಳಿಸುವ ಪದ್ಧತಿ 1989ರಲ್ಲಿ ಅಮೆರಿಕದ ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ ಶುರುವಾಯಿತು. ಮಕ್ಕಳ ವೈದ್ಯರಾದ ಬ್ಯಾರಿ ಜಕರ್‌ಮನ್, ರಾಬರ್ಟ್ ನೀಡಲ್‌ಮನ್ ಮತ್ತು ಅವರ ಸಂಗಡಿಗರು ಇದಕ್ಕಾಗಿ ಕಟ್ಟಿದ ಸಂಸ್ಥೆಯ ಹೆಸರು ‘ರೀಚ್ ಔಟ್ ಅಂಡ್ ರೀಡ್’. ಆರು ತಿಂಗಳಿಂದ ಐದು ವರ್ಷದವರೆಗೆ ಮಗು ತಪಾಸಣೆಗೆ ಬಂದಾಗಲೆಲ್ಲ ವಯಸ್ಸಿಗೆ ಒಪ್ಪುವ ಪುಸ್ತಕ ಸಿಗುತ್ತದೆ; ಅದನ್ನು ಮಗುವಿನ ಜೊತೆ ಹೇಗೆ ನೋಡಬೇಕೆಂದು ಡಾಕ್ಟರೇ ತಾಯಿಗೆ ತೋರಿಸುತ್ತಾರೆ. ನ್ಯೂಯಾರ್ಕಿನ ಬಡ ಕುಟುಂಬಗಳ ಎರಡು ಚಿಕಿತ್ಸಾಲಯಗಳನ್ನು ಹೋಲಿಸಿದ 2001ರ ಅಧ್ಯಯನದಲ್ಲಿ, ಹೀಗೆ ಪುಸ್ತಕ ಸಿಕ್ಕಿದ ಮಕ್ಕಳು ಮಾತು ಗ್ರಹಿಸುವುದರಲ್ಲೂ ಆಡುವುದರಲ್ಲೂ ಮುಂದಿದ್ದರು. ಎರಡೇ ಚಿಕಿತ್ಸಾಲಯಗಳ ಹೋಲಿಕೆ ಅಂತಿಮ ಪುರಾವೆಯಲ್ಲ, ನಿಜ. ಆದರೆ ಬೇರೆ ಅಧ್ಯಯನಗಳೂ ಇದೇ ದಿಕ್ಕು ತೋರಿದವು. 2014ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಇದನ್ನು ಮಕ್ಕಳ ಆರೋಗ್ಯಸೇವೆಯ ಅವಶ್ಯ ಭಾಗವೆಂದೇ ಸಾರಿತು.

ಈ ಪದ್ಧತಿ ಬಾಸ್ಟನ್ನಿಗಿಂತ ಡಿ. ಹಿರೇಹಾಳಿನಂಥ ಊರಿಗೆ ಹೆಚ್ಚು ಬೇಕು ಎಂಬುದು ನನ್ನ ವಾದ. 1953ರ ವಿಂಗಡಣೆಯಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗ ಸೀಮೆಯ ಈ ಊರಿನಲ್ಲಿ ಹಲವರ ಮನೆಯ ಮಾತು ಕನ್ನಡ, ಸರ್ಕಾರದ ಮಾತು ತೆಲುಗು. ಇಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಆದರೆ ಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಮಗುವಿಗೆ ಐದಾರು ವರ್ಷವಾಗಿರುತ್ತದೆ. ಅಂಗನವಾಡಿಯ ಆಟಪಾಠವೂ ಮೂರು ತುಂಬಿದ ಮೇಲೆಯೇ. ಮಾತು ಕುದುರುವ ಮೊದಲ ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕೂಸುಗಳೂ ತಲುಪುವ ಜಾಗವೆಂದರೆ ಸೂಜಿ ಹಾಕುವ ಉಪಕೇಂದ್ರವೊಂದೇ. ಆರು, ಹತ್ತು, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಆಮೇಲೆ ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವೆ ತಾಯಂದಿರು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದೇ ಬರುತ್ತಾರೆ. ಇದರ ಜೊತೆಗೆ 2018ರಿಂದ ದೇಶದಲ್ಲಿರುವ ಒಂದು ಕಾರ್ಯಕ್ರಮದ ಪ್ರಕಾರ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೇ ಹೋಗಬೇಕು. ದಾರಿ ಆಗಲೇ ಇದೆ, ಅದರಲ್ಲಿ ಪುಸ್ತಕ ಸಾಗಬೇಕಷ್ಟೇ.

ಮೊದಲ ಆಕ್ಷೇಪ ಕೆಲಸದ ಹೊರೆಯದು. ನರ್ಸಮ್ಮನಿಗೆ ರಿಜಿಸ್ಟರ್ ತುಂಬಿಸುವುದಕ್ಕೇ ಪುರುಸೊತ್ತಿಲ್ಲ ಎಂಬುದು ಸುಳ್ಳಲ್ಲ. ಆದರೆ ಲಸಿಕೆ ಹಾಕಿದ ಮೇಲೆ ತಾಯಿ-ಮಗು ಅರ್ಧ ಗಂಟೆ ಅಲ್ಲೇ ಕೂರಬೇಕೆಂಬ ನಿಯಮವಿದೆಯಲ್ಲ, ಆ ಅರ್ಧ ಗಂಟೆ ಯಾರ ಕೆಲಸದಿಂದಲೂ ಕಿತ್ತದ್ದಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಓದು ಬಾರದ ತಾಯಿಗೆ ಪುಸ್ತಕ ಕೊಟ್ಟು ಫಲವೇನು? ಇದಕ್ಕೆ ಉತ್ತರ ದಕ್ಷಿಣ ಆಫ್ರಿಕಾದ ಖಾಯೆಲಿಟ್ಷಾ ಎಂಬ ಬಡ ಬಡಾವಣೆಯಿಂದ ಬಂದಿದೆ. ಅಲ್ಲಿ ವರ್ಷ ದಾಟಿದ ಪುಟ್ಟ ಮಕ್ಕಳ ಜೊತೆ ಚಿತ್ರಪುಸ್ತಕ ನೋಡುತ್ತ ಮಾತಾಡುವುದನ್ನು ಪೋಷಕರಿಗೆ ಎಂಟು ವಾರ ಕಲಿಸಿದಾಗ ಮಕ್ಕಳ ಮಾತೂ ಗಮನವೂ ಗಣನೀಯವಾಗಿ ಹೆಚ್ಚಿದವೆಂದು 2015ರಲ್ಲಿ ವರದಿಯಾಯಿತು. ಮಗು ಬೆರಳಿಟ್ಟದ್ದರ ಹೆಸರು ಹೇಳುವುದು, “ಎತ್ತು ಎಲ್ಲೈತಿ?” ಎಂದು ಕೇಳುವುದು, ಉತ್ತರಕ್ಕೆ ಕಾಯುವುದು: ಇವಿಷ್ಟಕ್ಕೆ ಅಕ್ಷರ ಬೇಕಿಲ್ಲ. ಸೊಂಡೂರಿನಿಂದ ಮಡಕಶಿರದವರೆಗೆ ಯಾವ ಅವ್ವನಿಗೂ ಇದು ಬಾರದ್ದಲ್ಲ. ಚಿತ್ರ ನೋಡುತ್ತ ಆಡಿದ ಮಾತೂ ಓದೇ ಎಂದು ಯಾರಾದರೂ ಧೈರ್ಯ ಹೇಳಬೇಕು. ಆರೋಗ್ಯ ಕಾರ್ಯಕರ್ತೆ ಹೇಳಿದರೆ ಮನೆಯವರೆಲ್ಲ ಕೇಳುತ್ತಾರೆ.

ಪುಸ್ತಕದ ಭಾಷೆ ಕನ್ನಡವೇ ಆಗಿರಬೇಕು, ತೆಲುಗನ್ನು ದೂರವಿಡಲು ಅಲ್ಲ. ತಾಯಿ ಸಲೀಸಾಗಿ ಮಾತಾಡುವ ಭಾಷೆಯಲ್ಲೇ ಈ ಕೆಲಸ ನಡೆಯುವುದರಿಂದ. ತೆಲುಗು ಮನೆಮಾತಿನವರಿಗೆ ತೆಲುಗಿನದನ್ನೇ ಕೊಡಲಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಜಾಲತಾಣ ಸ್ಟೋರಿವೀವರ್‌ನಲ್ಲಿ ಎರಡೂ ಭಾಷೆಯ ಚಿತ್ರಕತೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಖರ್ಚು ಮುದ್ರಣದ್ದು ಮಾತ್ರ. ಯೋಜನೆಯಲ್ಲಿ ಒಂದು ತೂತು ಉಳಿಯುತ್ತದೆ: ಎರಡು ವರ್ಷದಿಂದ ಐದರವರೆಗೆ ಮುಖ್ಯ ಲಸಿಕೆ ಇಲ್ಲ. ಆ ಅಂತರಕ್ಕೆ ಅಂಗನವಾಡಿಯ ತೂಕ ನೋಡುವ ದಿನವನ್ನು ಹಿಡಿಯಬೇಕು. ಹಳೆಯ ಪುಸ್ತಕ ತಂದು ಹೊಸದು ಒಯ್ಯುವ ಏರ್ಪಾಡಿದ್ದರೆ ಕಡಿಮೆ ಪುಸ್ತಕಗಳಲ್ಲೇ ಒಂದು ಊರಿನ ಕೆಲಸ ಸಾಗುತ್ತದೆ.